ನೆರೆಮನೆಯ ಜಗಲಿಯಲ್ಲಿ ಇರಾನು

ನಮ್ಮ ದೊಡ್ಡಮ್ಮನಿಗೆ ಒಂದು ಅಭ್ಯಾಸ ಉಂಟು. ಅಂಗಳದ ತುದಿಗೆ ಹೋಗಿ, ಕೆಳಗಿನ ಮನೆಯ ಜಗಲಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡುವುದು. ಕೇಳಿದರೆ ಅಡಿಕೆ ಹರವಲು ಹೋದದ್ದು ಎನ್ನುತ್ತಾರೆ. ಅಡಿಕೆ ಇಲ್ಲದ ತಿಂಗಳಲ್ಲೂ ಹೋಗುತ್ತಾರೆ. "ಆ ಕುಂಬಳೆಯವ ಪುನಃ ಬಂದಿದ್ದಾನೆ, ಇವರ ತಲೆ ಕೆಡಿಸ್ತಾನೆ ನೋಡು!" ಕುಂಬಳೆಯವ ಅಂದರೆ ಆ ಮನೆಯ ಅಳಿಯ. ಪಾಪ, ಬಂದದ್ದು ಹಲಸಿನ ಹಣ್ಣು ತಿನ್ನಲಿಕ್ಕೆ.

ಇಷ್ಟು ವರ್ಷ ನಾವೆಲ್ಲ ಸುಮ್ನೆ ನಗುತ್ತಿದ್ದೆವು. ದೊಡ್ಡಮ್ಮ ಇರಬೇಕಾದ ಜಾಗ ಕಾಸರಗೋಡಿನ ನಮ್ಮ ಬದಿಯಡ್ಕ ಅಲ್ಲ, ವಾಷಿಂಗ್ಟನ್ ಎಂದು ನನಗೆ ಗೊತ್ತಾದದ್ದು ತಡವಾಗಿ.

ನೋಡಿ, 2012ರಲ್ಲಿ ಅಮೆರಿಕದವರು ಒಂದು ಕಾನೂನು ಮಾಡಿದರು. ತಮ್ಮ ಪಕ್ಕದ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಇರಾನಿನವರು ಜಾಸ್ತಿ ಓಡಾಡುತ್ತಿದ್ದಾರೆ, ಅದನ್ನು ತಡೆಯಬೇಕು ಅಂತ. ದಕ್ಷಿಣ ಕೆರೊಲಿನಾದ ಜೆಫ್ ಡಂಕನ್ ಎಂಬ ಸಂಸದರು ಜನವರಿಯಲ್ಲಿ ಮಸೂದೆ ತಂದರು, ಡಿಸೆಂಬರ್ 28ಕ್ಕೆ ಒಬಾಮಾ ಸಹಿಯೂ ಬಿತ್ತು. ಇರಾನಿನ ಆಗಿನ ಅಧ್ಯಕ್ಷ ಅಹ್ಮದಿನೆಜಾದ್ ಅದೇ ಜನವರಿಯಲ್ಲಿ ವೆನೆಜುವೆಲಾ, ನಿಕರಾಗುವಾ, ಕ್ಯೂಬಾ, ಈಕ್ವೆಡಾರ್ ಸುತ್ತಿ, ಮದುವೆ ಕಾಗದ ಹಂಚುವವರ ಹಾಗೆ ಮನೆಮನೆ ಹೊಕ್ಕು ಬಂದಿದ್ದರು.

ಕಾನೂನಿನಲ್ಲಿ ಇರಾನಿನ ತಪ್ಪುಗಳನ್ನು ಪಟ್ಟಿ ಮಾಡಿದ್ದಾರೆ. 2005ರಲ್ಲಿ 6 ಇದ್ದ ರಾಯಭಾರ ಕಚೇರಿಗಳು 11 ಆದವಂತೆ. 17 ಸಾಂಸ್ಕೃತಿಕ ಕೇಂದ್ರ ಕಟ್ಟಿದ್ದಾರಂತೆ. ಹದಿನೇಳಕ್ಕೆ ಇಷ್ಟು ಹೆದರಿಕೆಯಾದರೆ ನಮ್ಮ ಕಡೆಗೆ ಅವರು ಬರದಿರುವುದೇ ಒಳ್ಳೆಯದು, ಪಾರ್ತಿಸುಬ್ಬನ ಊರಿದು, ಯಕ್ಷಗಾನ ಸಂಘಗಳನ್ನು ಎಣಿಸಲು ಕೂತರೆ ಮೊದಲ ಪಂಚಾಯತು ಮುಗಿಯುವ ಮೊದಲೇ ಯುದ್ಧನೌಕೆ ಕಳಿಸಿಯಾರು. ವೆನೆಜುವೆಲಾದಲ್ಲಿ ಇರಾನಿನವರ ಜೊತೆ ಸೇರಿ ಮಾಡಿದ ಟ್ರ್ಯಾಕ್ಟರ್ ಕಾರ್ಖಾನೆಯೂ ಉಂಟು. ಟ್ರ್ಯಾಕ್ಟರ್, ಮಾರಾಯ್ರೆ.

ಪೂರಾ ಸುಳ್ಳು ಹೆದರಿಕೆ ಅಂತ ನಾನು ಹೇಳುವುದಿಲ್ಲ. 1994ರಲ್ಲಿ ಬ್ಯೂನಸ್ ಐರಿಸ್‌ನ ಯಹೂದಿ ಕೇಂದ್ರದಲ್ಲಿ ಬಾಂಬು ಸಿಡಿದು 85 ಜನ ಸತ್ತರು, ಅರ್ಜೆಂಟೀನಾ ಬೆರಳು ತೋರಿಸಿದ್ದು ಇರಾನಿನ ಕಡೆಗೇ. ಅದು ತಮಾಷೆಯ ವಿಷಯ ಅಲ್ಲ.

ಆದರೆ ಬಹರೈನಿನಲ್ಲಿರುವ ನಮ್ಮ ಭಾವನಿಗೆ ಈ ಕಾನೂನಿನ ವಿಷಯ ಹೇಳಿದಾಗ ಅವರು ನಕ್ಕದ್ದು ಫೋನಿನಲ್ಲಿ ಪಕ್ಕದ ಮನೆಗೂ ಕೇಳಿರಬೇಕು. ಮನಾಮದ ಜುಫೇರ್‌ನಲ್ಲಿ ಅಮೆರಿಕದ ಐದನೇ ನೌಕಾಪಡೆಯ ಕೇಂದ್ರವೇ ಉಂಟಲ್ಲ. ಅಲ್ಲಿಂದ ಇರಾನಿನ ಕರಾವಳಿ ಸುಮಾರು 200 ಕಿಲೋಮೀಟರ್. ಟೆಹರಾನಿನಿಂದ ವೆನೆಜುವೆಲಾದ ಕರಾಕಾಸಿಗೆ 11 ಸಾವಿರಕ್ಕೂ ಜಾಸ್ತಿ. ಅಂದರೆ ನಾನು ನಿಮ್ಮ ಗೇಟಿನ ಹೊರಗೆ ಮಂಚ ಹಾಕಿ ಮಲಗಬಹುದು, ನೀವು ನನ್ನ ನೆರೆಯವನಿಗೆ ಟ್ರ್ಯಾಕ್ಟರ್ ಕೊಟ್ಟರೆ ಮಾತ್ರ ಕಾನೂನು ಬರುತ್ತದೆ. "ನಾನು ದಿನಾ ಆ ಗೋಡೆಯ ಬದಿಯಿಂದಲೇ ಕೆಲಸಕ್ಕೆ ಹೋಗುವುದು" ಎಂದರು ಭಾವ. "ಸಾಂಸ್ಕೃತಿಕ ಕೇಂದ್ರದ ಹಾಗೆ ಕಾಣುವುದಿಲ್ಲ."

ಮಜಾ ಇರುವುದು ಇನ್ನು ಮುಂದೆ. 180 ದಿನದೊಳಗೆ ವರದಿ ಕೊಡಬೇಕು ಅಂತ ಕಾನೂನು ವಿದೇಶಾಂಗ ಇಲಾಖೆಗೆ ಹೇಳಿತ್ತು. 2013ರ ಜೂನ್‌ನಲ್ಲಿ ವರದಿ ಬಂತು. ಏನಂತ? ಆ ಭಾಗದಲ್ಲಿ ಇರಾನಿನ ಪ್ರಭಾವ ಇಳಿಯುತ್ತಾ ಉಂಟು, ಅದಕ್ಕೆ ನಮ್ಮ ನಿರ್ಬಂಧಗಳಂತೂ ಕಾರಣವೇ, ಇರಾನಿಗೆ ಸಂಬಂಧ ನಿಭಾಯಿಸಲು ಬಾರದ್ದೂ ಒಂದು ಕಾರಣ ಅಂತ! ಇದನ್ನು ಕೇಳಿ ಸಿಹಿ ಹಂಚಬೇಕಿತ್ತು, ಅಲ್ವಾ? ಇಲ್ಲ. ಡಂಕನ್ ಅವರಿಗೆ ಸಮಾಧಾನ ಆಗಲಿಲ್ಲ. ಮರು ತಿಂಗಳೇ ಉಪಸಮಿತಿಯಲ್ಲಿ ವಿಚಾರಣೆ ಇಟ್ಟರು, ಇರಾನಿನ ಪ್ರಭಾವ ಹೇಗೆ ಹಬ್ಬುತ್ತಿದೆ ಎಂಬ ಬಗ್ಗೆ.

ನಾನೂ ಒಮ್ಮೆ ದೊಡ್ಡಮ್ಮನಿಗೆ ಇಂಥದೇ ವರದಿ ಕೊಟ್ಟಿದ್ದೆ. ಕುಂಬಳೆಯವ ಎರಡು ತಿಂಗಳಿಂದ ಈ ಕಡೆ ಬರಲೇ ಇಲ್ಲ ಅಂತ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಎಂತದ್ದೋ ಒಳಗೊಳಗೆ ನಡೀತಾ ಉಂಟು" ಎಂದಿದ್ದರು.

ಇಷ್ಟರಲ್ಲಿ ಆ ನೆರೆಮನೆಯವರನ್ನು ಯಾರಾದರೂ ಕೇಳಿದರಾ? 2022ರಲ್ಲಿ ಆಫ್ರಿಕಾದಲ್ಲಿ ರಷ್ಯಾದ ಆಟ ತಡೆಯುತ್ತೇವೆ ಅಂತ ಇನ್ನೊಂದು ಮಸೂದೆ ಅಮೆರಿಕದ ಕೆಳಮನೆಯಲ್ಲಿ ಪಾಸಾಯಿತು. ದಕ್ಷಿಣ ಆಫ್ರಿಕಾದ ವಿದೇಶಾಂಗ ಮಂತ್ರಿ ನಲೆಡಿ ಪಾಂಡೋರ್ ಬಹಿರಂಗವಾಗಿಯೇ ಸಿಟ್ಟಾದರು. ಅದು ಮೇಲ್ಮನೆ ದಾಟಲಿಲ್ಲ.

ನಮಗೆ ಕಾಸರಗೋಡಿನವರಿಗೆ ಈ ನೆರೆಮನೆಯವರ ಪಾಡು ಚೆನ್ನಾಗಿ ಗೊತ್ತು. 1956ರ ನವೆಂಬರ್ 1ಕ್ಕೆ ನಾವು ಯಾವ ಕಡೆ ಅಂತ ಬೇರೆಯವರು ತೀರ್ಮಾನ ಮಾಡಿದರು, ನಾವು ಕೇರಳದವರಾದೆವು. ಚಂದ್ರಗಿರಿ ಹೊಳೆಯ ಉತ್ತರದವರು ಕರ್ನಾಟಕಕ್ಕೆ ಅಂತ 1967ರಲ್ಲಿ ಮಹಾಜನ ಆಯೋಗ ಬರೆಯಿತು, ಅದು ಇನ್ನೂ ಕಪಾಟಿನಲ್ಲಿಯೇ ಉಂಟು, 180 ದಿನ ಎಲ್ಲ ನಮಗೆ ಹೇಳಬೇಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಈಚೆ ಬದಿಯಲ್ಲಿ ಉಳಿದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೆಂಗಳೂರಿಗೆ ನಾವು ಕೇರಳದ ಪ್ರಭಾವಕ್ಕೆ ಬಿದ್ದವರು, ತಿರುವನಂತಪುರಕ್ಕೆ ಕರ್ನಾಟಕದ ಪ್ರಭಾವಕ್ಕೆ ಬಿದ್ದವರು. ನಿಜ ಹೇಳಬೇಕಾದರೆ ನಮ್ಮ ಮನೆಯಲ್ಲಿ ಪೇಪರ್ ಕನ್ನಡ, ಸೀರಿಯಲ್ ಮಲಯಾಳ, ಬೈಗುಳ ತುಳು, ಆದಿತ್ಯವಾರದ 'ಮಂದಿ' ಎನ್ನುವ ಬಿರಿಯಾನಿ ಯೆಮನಿನದು. ಯಾವ ಮಸೂದೆಯನ್ನು ಎಲ್ಲಿಂದ ಶುರು ಮಾಡುತ್ತೀರಿ?

ನಿನ್ನೆ ಕೆಳಗಿನ ಮನೆಯ ಅಕ್ಕ ಅರ್ಧ ಹಲಸಿನ ಹಣ್ಣು ಕಳಿಸಿದರು. ಜೊತೆಗೆ ಒಂದು ಮಾತು: "ದೊಡ್ಡಮ್ಮ ಆ ಬಿಸಿಲಲ್ಲಿ ಎಂತಕ್ಕೆ ನಿಲ್ಲುವುದು, ನಮ್ಮ ಜಗಲಿಗೇ ಬಂದು ಕೂರಲಿ." ದೊಡ್ಡಮ್ಮ ಎಂಟು ಹತ್ತು ತೊಳೆ ತಿಂದರು. ಕೈಯ ಮೇಣಕ್ಕೆ ತೆಂಗಿನೆಣ್ಣೆ ಹಚ್ಚುತ್ತಾ ಕೇಳಿದರು:

"ಇದನ್ನು ಕೊಯ್ದದ್ದು ಯಾರು? ಆ ಕುಂಬಳೆಯವನಾ?"