ಆ ಮಕ್ಕಳ ಮುಖ ಯಾಕೆ ಹಾಗಿದೆ?

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿತ್ತು. ಏಳುನೂರು ವರ್ಷ ಹಳೆಯ ಯುರೋಪಿನ ಚಿತ್ರಗಳು. ಮೇರಿಯ ತೊಡೆಯ ಮೇಲೆ ಬಾಲ ಯೇಸು. ಮೈ ಕೂಸಿನದು, ಮುಖ ಮಾತ್ರ ನಡುವಯಸ್ಸಿನವರದು. ಹಣೆ ಅಗಲ, ಕೂದಲು ಹಿಂದೆ ಸರಿದಿದೆ. ಕೆಳಗೆ "ಆಗಿನವರಿಗೆ ಮಕ್ಕಳನ್ನ ಬಿಡಿಸೋಕೇ ಬರ್ತಿರಲಿಲ್ಲ" ಅಂತ ಬರೆದು, ಸಾಲಾಗಿ ನಗುವ ಇಮೋಜಿಗಳು. ಇನ್ನೊಬ್ಬರು "ಆಗ ಮಕ್ಕಳು ಹುಟ್ಟುತ್ತಲೇ ಸಾಯ್ತಿದ್ವು, ಅದಕ್ಕೇ ಅಪ್ಪ ಅಮ್ಮಂದಿರಿಗೆ ಅಷ್ಟು ಪ್ರೀತಿ ಇರ್ತಿರಲಿಲ್ಲ" ಅಂತ ಸೇರಿಸಿದ್ದರು.

ಆ ಎರಡನೇ ಮಾತು ಎರಡು ದಿನ ಮನಸ್ಸಿನಲ್ಲೇ ಕೊರೆಯುತ್ತಿತ್ತು. ಗ್ರೂಪಿನಲ್ಲಿ ಬರೆದರೆ ಉದ್ದವಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮುಖದ ವಿಷಯ. ಅವರು ಬಿಡಿಸುತ್ತಿದ್ದದ್ದು ಪಕ್ಕದ ಮನೆಯ ಮಗುವನ್ನಲ್ಲ, ದೇವರನ್ನು. ಎಲ್ಲವನ್ನೂ ತಿಳಿದೇ ಹುಟ್ಟಿದವನು ಯೇಸು ಅನ್ನುವುದು ಅವರ ನಂಬಿಕೆ. ಹಾಗಿದ್ದಮೇಲೆ ಅವನ ಮುಖದಲ್ಲಿ ಏನೂ ಅರಿಯದ ಕೂಸಿನ ಕಳೆ ಹೇಗೆ ಬರಬೇಕು? ಚಿತ್ರ ಬರೆಸಿದ ಚರ್ಚಿಗೆ ಬೇಕಿದ್ದದ್ದೂ ಅದೇ ಮುಖ. ಕೈ ಬಾರದೆ ಆದ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಅಂಥ ಚಿತ್ರದೊಳಗೂ ಮಗು ನುಸುಳಿಬಿಡುತ್ತದೆ. ಇಟಲಿಯ ಸಿಯೆನಾ ಊರಿನ ದುಚ್ಚೊ 1300ರ ಆಸುಪಾಸಿನಲ್ಲಿ ಬರೆದ ಮೇರಿ ಮತ್ತು ಮಗು ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಚೌಕಟ್ಟು ಸೇರಿಸಿದರೂ ಎ4 ಹಾಳೆಗಿಂತ ಚಿಕ್ಕದು. ಯಾರೋ ಮನೆಯಲ್ಲಿಟ್ಟುಕೊಂಡು ಪ್ರಾರ್ಥನೆ ಮಾಡುತ್ತಿದ್ದ ಚಿತ್ರ. ಚೌಕಟ್ಟಿನ ಕೆಳಅಂಚಿನಲ್ಲಿ ಮೇಣದಬತ್ತಿ ತಾಗಿ ಸುಟ್ಟ ಗುರುತು ಇವತ್ತಿಗೂ ಇದೆ. ಅದರಲ್ಲಿ ಮಗು ಕೈ ಚಾಚಿ ಅಮ್ಮನ ತಲೆಯ ಮೇಲಿನ ಬಟ್ಟೆಯನ್ನು ಸರಿಸುತ್ತಿದೆ, ಮುಖ ನೋಡುವುದಕ್ಕೆ. ಸೆರಗು ಹೊದ್ದುಕೊಂಡು ಮಗು ಎತ್ತಿಕೊಂಡ ಯಾವ ತಾಯಿಗೆ ಆ ಕೈ ಗೊತ್ತಿಲ್ಲ ಹೇಳಿ? ದುಚ್ಚೊ ಅದನ್ನು ಕಣ್ಣಾರೆ ನೋಡಿದ್ದ. ನೋಡದೆ ಹಾಗೆ ಬರೆಯುವುದಕ್ಕೆ ಆಗುವುದಿಲ್ಲ.

ಆಮೇಲೆ ಚಿತ್ರ ಬರೆಸುವವರು ಬದಲಾದರು. ರಾಜರು, ಶ್ರೀಮಂತ ವ್ಯಾಪಾರಿಗಳು ತಮ್ಮ ಮಕ್ಕಳನ್ನೇ ಬರೆಸಿದರು. ಹಾಗಂತ ಮಗು ಮಗುವಾಗಿಬಿಡಲಿಲ್ಲ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಮಗ ಎಡ್ವರ್ಡ್‌ನನ್ನು ಹೋಲ್‌ಬೈನ್ ಬರೆದಾಗ ಆ ಕೂಸಿಗೆ ಹೆಚ್ಚೆಂದರೆ 14 ತಿಂಗಳು. ಕೆಂಪು, ಬಂಗಾರದ ಉಡುಪು, ಗರಿಯಿಟ್ಟ ಟೋಪಿ. ಒಂದು ಕೈ ಪ್ರಜೆಗಳನ್ನು ಹರಸುವಂತೆ ಎತ್ತಿದೆ. ಇನ್ನೊಂದು ಕೈಯಲ್ಲಿ ಗಿಲಕಿ, ರಾಜದಂಡ ಹಿಡಿದಂತೆ ಹಿಡಿದಿದ್ದಾನೆ. ಕೆಳಗೆ ಲ್ಯಾಟಿನ್ ಪದ್ಯ: ಅಪ್ಪನ ಹಾಗೆ ಆಗು ಮಗನೇ, ಅವನನ್ನು ಮೀರಿಸಿದರೆ ಇನ್ನೂ ಸರಿ ಅನ್ನುವ ಅರ್ಥದ್ದು. ಆ ಹುಡುಗ 9ನೇ ವಯಸ್ಸಿಗೆ ರಾಜನಾದ, 15ಕ್ಕೆ ತೀರಿಕೊಂಡ.

ಈಗ ಪ್ರೀತಿಯ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಮ್ಯೂನಿಕ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಇಬ್ಬರೂ ರೈಲಿನಲ್ಲಿ ವಿಯೆನ್ನಾಕ್ಕೆ ಹೋಗಿಬಂದೆವು. ಅಲ್ಲಿನ ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂನಲ್ಲಿ ವೆಲಾಸ್ಕೆಸ್ 1659ರಲ್ಲಿ ಬರೆದ ಒಂದು ಮಗು ಇದೆ. ಹೆಸರು ಫೆಲಿಪೆ ಪ್ರೊಸ್ಪೆರೊ, ಸ್ಪೇನಿನ ಯುವರಾಜ. ವಯಸ್ಸು ಎರಡು. ಆಗಿನ ಪದ್ಧತಿಯಂತೆ ಗಂಡುಮಗುವಿಗೂ ಲಂಗ, ಅದರ ಮೇಲೆ ತೆಳುವಾದ ಬಿಳಿ ಏಪ್ರನ್. ಸುತ್ತ ಎಲ್ಲವೂ ಗಾಢ ಕೆಂಪು, ಕತ್ತಲು. ಮಗುವಿನ ಮುಖ ಬಿಳಿಚಿಕೊಂಡಿದೆ. ಪುಟ್ಟ ಕೈ ಒಂದು ಕುರ್ಚಿಯ ಮೇಲೆ ಸುಮ್ನೆ ಇಟ್ಟ ಹಾಗೆ ಇದೆ. ಕುರ್ಚಿಯಲ್ಲಿ ಬಿಳಿ ನಾಯಿಮರಿ ಮಲಗಿ ನಮ್ಮ ಕಡೆ ನೋಡುತ್ತಿದೆ.

ನಾನು ಮುಂದೆ ಬಗ್ಗಿ ಏಪ್ರನ್ ನೋಡಿದೆ. ದಾರಗಳಲ್ಲಿ ಏನೇನೋ ನೇತಾಡುತ್ತಿವೆ. ಒಂದು ಪುಟ್ಟ ಗಂಟೆ. ಮುಷ್ಟಿಯ ಆಕಾರದ ಕರಿ ತಾಯಿತ, ಕೆಟ್ಟ ಕಣ್ಣು ಬೀಳದಿರಲಿ ಅಂತ. ರೋಗ ತಾಗದಿರಲಿ ಅಂತ ಕಟ್ಟಿದ ಇನ್ನೊಂದು ಉಂಡೆ. ತಂಗಿ ನನ್ನ ತೋಳು ಹಿಡಿದು "ಅಕ್ಕಾ, ದೃಷ್ಟಿಗೆ ಕಟ್ಟಿರೋದು" ಅಂದಳು. ಅವಳ ಮಗನಿಗೆ ನಮ್ಮಮ್ಮ ಕಟ್ಟಿದ್ದ ಕರಿದಾರ, ಕೆನ್ನೆಗಿಟ್ಟ ಕಾಡಿಗೆ ಬೊಟ್ಟು ನನಗೂ ನೆನಪಾಯಿತು. ಅಲ್ಲಿಂದ ಮುಂದೆ ಹೋಗುವುದಕ್ಕೆ ಇಬ್ಬರಿಗೂ ಸ್ವಲ್ಪ ಹೊತ್ತು ಆಗಲಿಲ್ಲ.

ಆ ಮಗುವಿನ ಅಪ್ಪ ನಾಲ್ಕನೇ ಫಿಲಿಪ್. ಅಮ್ಮ ಅವನ ಸ್ವಂತ ತಂಗಿಯ ಮಗಳು. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತಿದ್ದ ಮನೆತನ. ಹಿರಿಯ ಮಗ ಬಾಲ್ತಸಾರ್ 16ನೇ ವಯಸ್ಸಿಗೇ ಹೋಗಿಬಿಟ್ಟಿದ್ದ. ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದವನು ಇವನು. ಚಿತ್ರ ಬರೆದ ಮರುವರ್ಷ ವೆಲಾಸ್ಕೆಸ್ ತೀರಿಕೊಂಡ. ಅದರ ಮರುವರ್ಷ, 1661ರಲ್ಲಿ, ನಾಲ್ಕು ತುಂಬುವ ಮೊದಲೇ ಮಗುವೂ ಹೋಯಿತು. ಅಷ್ಟೂ ತಾಯಿತ ಕಟ್ಟಿದವರಿಗೆ ಆ ಮಗು ಬರೀ ಸಿಂಹಾಸನಕ್ಕೆ ಬೇಕಿದ್ದ ವಾರಸುದಾರ ಮಾತ್ರ ಆಗಿತ್ತು ಅಂದರೆ ನಾನು ಒಪ್ಪುವುದಿಲ್ಲ. ಭಯ ಇದ್ದ ಕಡೆ ಪ್ರೀತಿ ಇರಲೇಬೇಕು, ಅಲ್ವಾ?

ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಒಂದು ವಾದ ಮುಂದಿಟ್ಟರು. ಮಧ್ಯಯುಗದ ಸಮಾಜಕ್ಕೆ ಬಾಲ್ಯ ಅನ್ನುವ ಕಲ್ಪನೆಯೇ ಇರಲಿಲ್ಲ ಅಂತ. ಅದಕ್ಕೆ ಅವರು ತೋರಿಸಿದ ಸಾಕ್ಷಿಗಳಲ್ಲಿ ಇಂಥ ಚಿತ್ರಗಳೂ ಇದ್ದವು. ಆಮೇಲೆ ಬಂದ ಎಷ್ಟೋ ಇತಿಹಾಸಕಾರರು ಇದನ್ನು ಒಪ್ಪಲಿಲ್ಲ. ನನಗೂ ಅನ್ನಿಸುವುದು ಇಷ್ಟೇ: ದುಡ್ಡು ಕೊಟ್ಟು ಬರೆಸಿದವರಿಗೆ ಮಗುವಿನಿಂದ ಏನು ಬೇಕಿತ್ತೋ ಅದು ಚಿತ್ರದ ಮುಖಕ್ಕೆ ಬಂತು. ಮನೆಯೊಳಗೆ ಅದೇ ಮಗುವನ್ನು ಹೇಗೆ ಎತ್ತಿ ಆಡಿಸಿದರು ಅನ್ನುವುದು ಆ ಮುಖದಲ್ಲಿ ಸಿಗುವುದಿಲ್ಲ. ಮೂಲೆಯಲ್ಲಿ ಹುಡುಕಬೇಕು.

ಅದೇ ಮ್ಯೂಸಿಯಂನಲ್ಲಿ ಬ್ರೂಗೆಲ್ 1560ರಲ್ಲಿ ಬರೆದ ಮಕ್ಕಳಾಟದ ಚಿತ್ರವೂ ಇದೆ. ಇದರಲ್ಲಿ ದೇವರೂ ಇಲ್ಲ, ರಾಜಕುಮಾರನೂ ಇಲ್ಲ. ಒಂದು ಊರಿನ ಬೀದಿ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟ. ಬುಗುರಿ ಇದೆ, ಕಣ್ಣಿಗೆ ಬಟ್ಟೆ ಕಟ್ಟಿ ಹಿಡಿಯುವ ಆಟ ಇದೆ, ಬಗ್ಗಿದವನ ಬೆನ್ನ ಮೇಲೆ ಹಾರುವುದು ಇದೆ. ಎಡ ಮೂಲೆಯಲ್ಲಿ ಇಬ್ಬರು ಹುಡುಗಿಯರು ಕೂತು ಮೂಳೆಚೂರು ಎಸೆದು ಹಿಡಿಯುತ್ತಿದ್ದಾರೆ. ನಾವು ಜಗಲಿಯ ಮೇಲೆ ಆಡುತ್ತಿದ್ದ ಐದು ಕಲ್ಲಾಟದ ಹಾಗೆಯೇ. ಬಲಗಡೆ ಒಬ್ಬಳು ಇಟ್ಟಿಗೆ ಕೆರೆದು ಕೆಂಪು ಪುಡಿ ಮಾಡಿ ಅಂಗಡಿ ಇಟ್ಟಿದ್ದಾಳೆ. ಇನ್ನೊಬ್ಬಳು ಕೋಲು ಹಿಡಿದು ಹೇಲು ಕಲಕುತ್ತಿದ್ದಾಳೆ. ಹೌದು, ಅದನ್ನೇ. ಈ ಮಕ್ಕಳ ಮುಖವೂ ದೊಡ್ಡವರ ಮುಖದ ಹಾಗೇ ಇದೆ, ಯಾರಲ್ಲೂ ಮುದ್ದಿಲ್ಲ. ಆದರೂ ಯುರೋಪಿನ ಯಾವ ಚಿತ್ರಕ್ಕಿಂತ ಜಾಸ್ತಿ ಬಾಲ್ಯ ನನಗೆ ಕಂಡದ್ದು ಇಲ್ಲೇ. ಒಬ್ಬ ಮಗುವೂ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಅವರಿಗೆ ಪುರುಸೊತ್ತಿಲ್ಲ.

ಮುದ್ದು ಬಂದದ್ದು ಹದಿನೆಂಟನೇ ಶತಮಾನದಲ್ಲಿ. ಮಗು ಹುಟ್ಟಾ ಒಳ್ಳೆಯದು, ಅದನ್ನು ಕೆಡಿಸುವುದು ಸಮಾಜ ಅನ್ನುವ ಚಿಂತಕ ರೂಸೋನ ಮಾತು ಹಬ್ಬಿದ ಕಾಲ ಅದು. 1780ರ ದಶಕದಲ್ಲಿ ರೆನಾಲ್ಡ್ಸ್ ಒಬ್ಬ ಪುಟ್ಟ ಹುಡುಗಿಯನ್ನು ಬರೆದ. ಬಿಳಿ ಫ್ರಾಕು, ಬರಿಗಾಲು, ಎದೆಗೆ ಒತ್ತಿಕೊಂಡ ಕೈಗಳು, ಹಿಂದೆ ಮರ, ಆಕಾಶ. ಚೆಂದವೇ. ಆದರೆ ಅದೇ ದಶಕದ ಲಂಡನ್‌ನಲ್ಲಿ ಪುಟ್ಟ ಹುಡುಗರನ್ನು ಚಿಮಣಿಯೊಳಗೆ ಹತ್ತಿಸಿ ಮಸಿ ಕೆರೆಸುತ್ತಿದ್ದರು. 1788ರ ಕಾನೂನು ಅದಕ್ಕೆ ಕನಿಷ್ಠ ವಯಸ್ಸು ಎಂಟು ಅಂತ ಗೊತ್ತುಮಾಡಿತು. ಎಂಟು! ಇದು ಗೊತ್ತಾದ ಮೇಲೆ ಆ ಬಿಳಿ ಫ್ರಾಕನ್ನು ಮೊದಲಿನ ಹಾಗೆ ನೋಡುವುದಕ್ಕೆ ನನಗೆ ಆಗಿಲ್ಲ. ಮುಗ್ಧತೆಯೂ ದೊಡ್ಡವರು ಹೊಲಿಸಿ ತೊಡಿಸಿದ ಬಟ್ಟೆಯೇ, ಎಡ್ವರ್ಡ್‌ನ ಗರಿ ಟೋಪಿಯ ಹಾಗೆ.

ಹೋಗಾರ್ತ್ 1742ರಲ್ಲಿ ಬರೆದ ಗ್ರಹಾಂ ಮನೆಯ ನಾಲ್ಕು ಮಕ್ಕಳ ಚಿತ್ರ ಇದಕ್ಕಿಂತ ನಿಜ. ಹುಡುಗ ಪೆಟ್ಟಿಗೆ ವಾದ್ಯ ತಿರುಗಿಸುತ್ತಿದ್ದಾನೆ, ಪಂಜರದ ಹಕ್ಕಿ ತನ್ನ ಸಂಗೀತಕ್ಕೆ ಕುಣಿಯುತ್ತಿದೆ ಅಂತ ಖುಷಿಯಲ್ಲಿದ್ದಾನೆ. ಅವನ ಕುರ್ಚಿಯ ಹಿಂದಿನಿಂದ ಬೆಕ್ಕು ಹಕ್ಕಿಯನ್ನೇ ನೋಡುತ್ತಿದೆ. ಕೆಳಗೆ ಕೂತ ಕೂಸು ಅಕ್ಕನ ಕೈಯಲ್ಲಿರುವ ಚೆರಿ ಹಣ್ಣಿಗೆ ಕೈ ಚಾಚಿದೆ. ಚಿತ್ರ ಮುಗಿಯುವ ಹೊತ್ತಿಗೆ ಆ ಕೂಸು ಇರಲಿಲ್ಲ.

ಕೊನೆಗೆ ಒಂದು ಚಿತ್ರ. 1878, ಪ್ಯಾರಿಸ್. ಬರೆದವಳು ಮೇರಿ ಕ್ಯಾಸಟ್, ಅಲ್ಲಿ ನೆಲೆಸಿದ್ದ ಅಮೆರಿಕದವಳು. ಆ ವರ್ಷದ ಪ್ಯಾರಿಸ್ ಮಹಾ ಪ್ರದರ್ಶನಕ್ಕೆ ಇದನ್ನು ಕಳಿಸಿದಾಗ ಅಮೆರಿಕದ ವಿಭಾಗದವರು ಬೇಡ ಅಂದರು. ಈಗ ಹೋಲ್‌ಬೈನ್‌ನ ಎಡ್ವರ್ಡ್ ಇರುವ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲೇ ಇದೂ ಇದೆ. ಕೋಣೆಯ ತುಂಬ ನೀಲಿ ಕುರ್ಚಿಗಳು. ಒಂದರಲ್ಲಿ ಪುಟ್ಟ ಹುಡುಗಿ ಬಿದ್ದುಕೊಂಡಿದ್ದಾಳೆ, ಕೂತಿದ್ದಾಳೆ ಅನ್ನುವ ಹಾಗಿಲ್ಲ. ಲಂಗ ಮೇಲೆ ಸರಿದಿದೆ, ಕಾಲು ಎತ್ತೆತ್ತಲೋ ಚಾಚಿವೆ, ಒಂದು ಕೈ ತಲೆಯ ಹಿಂದೆ. ಮುಖದ ತುಂಬ ಬೇಜಾರು. ಪಕ್ಕದ ಕುರ್ಚಿಯಲ್ಲಿ ಇಲ್ಲೂ ಒಂದು ನಾಯಿಮರಿ. ನಿದ್ದೆ ಹೋಗಿದೆ.