ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಮೊದಲು ಅಡಿಗೆ ಬಗ್ಗಿ ನೋಡಿ

ಯಾವ ವೇರಿಯಂಟ್ ತಗೊಳ್ಳಲಿ ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ. ಆಮೇಲೆ ಸುಲಭಕ್ಕೆ ಹಾಕಿಸಿಕೊಳ್ಳಲು ಆಗದೇ ಇರುವ ವಸ್ತು ಯಾವ ವೇರಿಯಂಟ್‌ನಲ್ಲಿ ಕಂಪನಿಯಿಂದಲೇ ಬಂದಿದೆಯೋ, ಅದನ್ನೇ ತಗೊಳ್ಳಿ. ಸೀಟ್ ಕವರ್, ಸ್ಪೀಕರ್, ಸ್ಕ್ರೀನ್, ರಿವರ್ಸ್ ಕ್ಯಾಮೆರಾ ಇವೆಲ್ಲ ದುಡ್ಡು ಬಂದಾಗ ಹಾಕಿಸಬಹುದು. ಬ್ರೇಕು, ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೂ ಹಂಚುವ ಗೇರುಗಳ ಜೋಡಣೆ), ಏರ್‌ಬ್ಯಾಗ್ ಹಾಗಲ್ಲ.

ಈಗ ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ಅಮೆರಿಕದ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾನೆ. ಚಿಕ್ಕಂದಿನಿಂದ ಕಾರಿನ ಹುಚ್ಚು. ಈಗ ಹಳೇ ನಿಸಾನ್ 370ಝಡ್ ತಗೊಳ್ಳುವ ಯೋಚನೆ ಮಾಡಿದ್ದಾನೆ. ಎರಡು ಬಾಗಿಲಿನ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. 3.7 ಲೀಟರ್ ವಿ6 ಎಂಜಿನ್, 332 ಹಾರ್ಸ್ ಪವರ್, ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. ನಿಸಾನ್ ಇದನ್ನು ಸ್ವಲ್ಪ ಕಾಲ ಭಾರತಕ್ಕೂ ತಂದು ಮಾರಿತ್ತು, ಆದರೆ ನಮ್ಮ ಕಡೆ ರಸ್ತೆಯಲ್ಲಿ ಕಾಣುವುದು ಅಪರೂಪ.

ಅವನು ಎರಡು ಗಾಡಿ ನೋಡಿಟ್ಟಿದ್ದಾನೆ. ಎರಡೂ ಮ್ಯಾನುಯಲ್ ಗೇರು, ಎರಡೂ ಶುರುವಿನ ವರ್ಷಗಳ ಮಾಡೆಲ್, ಬೆಲೆ ಹೆಚ್ಚೂ ಕಡಿಮೆ ಒಂದೇ. ಒಂದು ಟೂರಿಂಗ್. ಲೆದರ್ ಮತ್ತು ಸ್ವೀಡ್ ಸೀಟು, ಸೀಟಿಗೆ ಹೀಟರ್, ಬೋಸ್ ಸ್ಪೀಕರ್, ನ್ಯಾವಿಗೇಶನ್. ಇನ್ನೊಂದು ಬೇಸ್ ಗಾಡಿ, ಬಟ್ಟೆ ಸೀಟು, ಸ್ವಲ್ಪ ಜಾಸ್ತಿ ಓಡಿದೆ. ಆದರೆ ಅದಕ್ಕೆ ಕಂಪನಿಯಿಂದಲೇ ಸ್ಪೋರ್ಟ್ ಪ್ಯಾಕೇಜ್ ಬಂದಿದೆ. ಟೂರಿಂಗ್‌ಗೆ ಅದು ಇಲ್ಲ. "ಮಾವ, ಟೂರಿಂಗ್ ಅಂದ್ರೆ ಟಾಪ್ ಎಂಡ್ ಅಲ್ವಾ? ಅದೇ ಬೆಲೆಗೆ ಟಾಪ್ ಎಂಡ್ ಸಿಗುವಾಗ ಬೇಸ್ ಯಾಕೆ?" ಅಂತ ಅವನ ಪ್ರಶ್ನೆ.

ಮೈಸೂರಿನ ಹೂಟಗಳ್ಳಿಯಲ್ಲಿ ಲಾರಿ ಆಕ್ಸಲ್ ಮಾಡುವ ಕಡೆ ಬಹಳ ವರ್ಷ ಅಸೆಂಬ್ಲಿ ಲೈನಿನಲ್ಲಿ ದುಡಿದವನು ನಾನು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದೇ ಹಿಂದಿನ ಆಕ್ಸಲ್ ಕಡೆಗೆ. ಆ ಸ್ಪೋರ್ಟ್ ಪ್ಯಾಕೇಜ್‌ನಲ್ಲಿ ದೊಡ್ಡ ಬ್ರೇಕು ಬರುತ್ತದೆ, 19 ಇಂಚಿನ, ರೇಸ್ (Rays) ಅನ್ನುವ ಕಂಪನಿಯ ಫೋರ್ಜ್ಡ್ ವೀಲ್ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ) ಬರುತ್ತದೆ. ಪ್ಯಾಕೇಜ್ ಇಲ್ಲದ ಟೂರಿಂಗ್‌ನಲ್ಲಿರುವುದು ಮಾಮೂಲಿ ಓಪನ್ ಡಿಫರೆನ್ಷಿಯಲ್.

ಇದರ ವ್ಯತ್ಯಾಸ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಗದ್ದೆಯಿಂದ ಹೊರಗೆ ಬರುವಾಗ ಒಂದು ಚಕ್ರ ಕೆಸರಿಗೆ ಇಳಿಯಿತು ಅಂದುಕೊಳ್ಳಿ. ಕೆಸರಿನಲ್ಲಿರುವ ಚಕ್ರ ಗಿರ್ರನೆ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಅಲ್ಲಾಡುವುದೇ ಇಲ್ಲ. ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಸಮ ತಿರುಗುಬಲ ಕೊಡುತ್ತದೆ. ಜಾರುವ ಚಕ್ರ ಎಷ್ಟು ಕಮ್ಮಿ ತಡೆಯುತ್ತದೋ, ಇನ್ನೊಂದಕ್ಕೂ ಅಷ್ಟೇ ಸಿಗುವುದು. ಆಗ ಡ್ರೈವರ್ ಹಿಮ್ಮಡಿಯಲ್ಲಿ ಡಿಫ್ ಲಾಕ್ ಒತ್ತುತ್ತಾನೆ, ಎರಡು ಚಕ್ರವೂ ಒಟ್ಟಿಗೆ ತಿರುಗಿ ಗಾಡಿ ಮೇಲೆ ಬರುತ್ತದೆ.

ಸ್ಪೋರ್ಟ್ಸ್ ಕಾರು ಕೆಸರಿಗೆ ಇಳಿಯುವುದಿಲ್ಲ ನಿಜ. ಆದರೆ ತಿರುವಿನಲ್ಲಿ ಜೋರಾಗಿ ಹೋಗುವಾಗ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಒಳಗಿನ ಚಕ್ರ ಹಗುರಾಗುತ್ತದೆ. ಆಗ ಆಕ್ಸಿಲರೇಟರ್ ಕೊಟ್ಟರೆ ಒಳಗಿನ ಚಕ್ರ ಸುಮ್ನೆ ಸುತ್ತುತ್ತದೆ. 332 ಹಾರ್ಸ್ ಪವರ್ ಇದ್ದೂ ರಸ್ತೆಗೆ ಇಳಿಯುವುದು ಅದರಲ್ಲಿ ಒಂದು ಪಾಲು ಮಾತ್ರ. ಲಿಮಿಟೆಡ್ ಸ್ಲಿಪ್ ಇದನ್ನು ತಡೆಯುತ್ತದೆ. ಟ್ರ್ಯಾಕ್ಟರಿನ ಹಾಗೆ ಪೂರ್ತಿ ಲಾಕ್ ಮಾಡಿದರೆ ಕಾರು ತಿರುವಿನಲ್ಲಿ ಸಲೀಸಾಗಿ ತಿರುಗುವುದಿಲ್ಲ, ಅದಕ್ಕೇ ಅರ್ಧಂಬರ್ಧ ಹಿಡಿಯುವ ಈ ವ್ಯವಸ್ಥೆ. 370ಝಡ್‌ನಲ್ಲಿ ಇರುವುದು ವಿಸ್ಕಸ್ ಬಗೆ. ಒಳಗೆ ತೆಳ್ಳನೆ ತಟ್ಟೆಗಳ ಸಾಲು, ನಡುವೆ ದಪ್ಪನೆ ಸಿಲಿಕೋನ್ ಎಣ್ಣೆ. ಒಂದು ಚಕ್ರ ಇನ್ನೊಂದಕ್ಕಿಂತ ತೀರಾ ಜೋರಾಗಿ ತಿರುಗಿದರೆ ಆ ಎಣ್ಣೆಯೇ ತಟ್ಟೆಗಳನ್ನು ಹಿಡಿದು ಎಳೆಯುತ್ತದೆ. ಇಷ್ಟೇ ಸರಳ.

"ಬೇಕಾದರೆ ಆಮೇಲೆ ಎಲ್‌ಎಸ್‌ಡಿ ಹಾಕಿಸಿದರಾಯ್ತು ಮಾವ" ಅಂದ. ಹಾಕಿಸಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆ ಕೆಲಸ ಏನು ಅಂತ ನನಗೆ ಗೊತ್ತು. ಹೌಸಿಂಗ್ ಬಿಚ್ಚಬೇಕು, ಕ್ರೌನ್ ವೀಲ್ ಅನ್ನುವ ದೊಡ್ಡ ಹಲ್ಲಿನ ಚಕ್ರವನ್ನು ಹೊಸ ಡಿಫರೆನ್ಷಿಯಲ್‌ಗೆ ಕೂರಿಸಬೇಕು. ಆಮೇಲೆ ಕ್ರೌನಿಗೂ ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್‌ಗೂ ನಡುವಿನ ಸಂದು ಡಯಲ್ ಗೇಜ್ ಇಟ್ಟು ನೋಡಬೇಕು. ಹಲ್ಲಿಗೆ ಬಣ್ಣ ಹಚ್ಚಿ, ಕೈಯಲ್ಲಿ ತಿರುಗಿಸಿ, ಪಿನಿಯನ್ ತಾಗಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯಾ, ತುದಿಗೆ ಬಿದ್ದಿದೆಯಾ ಅಂತ ಕಣ್ಣಿಟ್ಟು ನೋಡಬೇಕು. ತುದಿಗೆ ಬಿದ್ದರೆ ಮತ್ತೆ ಬಿಚ್ಚು, ಶಿಮ್ (ಸಂದು ಹೊಂದಿಸುವ ತೆಳು ತಗಡು) ಬದಲಿಸು, ಮತ್ತೆ ಕೂರಿಸು. ಇಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಓಡುವಾಗ ಗೊಯ್ಯೋ ಅಂತ ಸದ್ದು ಶುರು, ಆಮೇಲೆ ಹಲ್ಲೇ ಹೋಗುತ್ತದೆ. ಕಾರ್ಖಾನೆಯಲ್ಲಿ ಸರಿಯಾಗಿ ಕೂರಿಸಿ ಕಳಿಸಿದ್ದು ಅದೇ ಬೆಲೆಗೆ ಸಿಗುವಾಗ, ಹೊರಗೆ ಬಿಚ್ಚಿಸುವ ಉಸಾಬರಿ ಯಾಕೆ ಬೇಕು?

ಬ್ರೇಕಿನ ವಿಷಯವೂ ಹಾಗೆಯೇ. ಸ್ಪೋರ್ಟ್ ಪ್ಯಾಕೇಜ್‌ನಲ್ಲಿ ಮುಂದಿನ ಡಿಸ್ಕ್ 14 ಇಂಚು, ಆ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ಗೆ ನಾಲ್ಕು ಪಿಸ್ಟನ್. ಪ್ಯಾಕೇಜ್ ಇಲ್ಲದ ಗಾಡಿಗೆ 12.6 ಇಂಚು. ದೊಡ್ಡ ಡಿಸ್ಕ್ ಬಿಸಿಯನ್ನು ಜಾಸ್ತಿ ತಾಳುತ್ತದೆ, ಮೇಲಿಂದ ಮೇಲೆ ಬ್ರೇಕ್ ಹಿಡಿದರೂ ಪೆಡಲ್ ಸಡಿಲ ಬೀಳುವುದಿಲ್ಲ. ಇನ್ನು ಗೇರ್ ಇಳಿಸುವಾಗ ಎಂಜಿನ್ ತಾನೇ ಆರ್‌ಪಿಎಂ ಏರಿಸಿ ಹೊಂದಿಸುವ ಸಿಂಕ್ರೋರೆವ್ ಮ್ಯಾಚ್ ಅಂತ ಒಂದಿದೆ, ಅದೂ ಇದೇ ಪ್ಯಾಕೇಜ್‌ನದು. ಚೆನ್ನಾಗಿದೆ. ಆದರೆ ಅದೊಂದಕ್ಕಾಗಿ ನಾನು ದುಡ್ಡು ಕೊಡುತ್ತಿರಲಿಲ್ಲ, ಕಾಲು ಪಳಗಿದವರಿಗೆ ಅದು ಬೇಕಾಗಿಲ್ಲ.

ಟೂರಿಂಗ್ ಕೆಟ್ಟದ್ದು ಅಂತ ಅಲ್ಲ. ದಿನಾ ಆಫೀಸಿಗೆ ಹೋಗಿ ಬರುವುದಷ್ಟೇ ಆದರೆ ಒಳ್ಳೆ ಸೀಟು, ಒಳ್ಳೆ ಸ್ಪೀಕರ್ ಸುಖ ಕೊಡುತ್ತವೆ. 19 ಇಂಚಿನ ಟೈರಿಗೆ ಖರ್ಚೂ ಜಾಸ್ತಿ, ಕುಲುಕಾಟವೂ ಜಾಸ್ತಿ. ಆದರೆ ಇವನು ಈ ಕಾರು ತಗೊಳ್ಳುವುದೇ ಓಡಿಸುವ ಆಸೆಗೆ. ಟೂರಿಂಗ್‌ಗೂ ಸ್ಪೋರ್ಟ್ ಪ್ಯಾಕೇಜ್ ಸೇರಿಸಿಕೊಂಡ ಗಾಡಿಗಳು ಇವೆ, ಸಿಕ್ಕರೆ ಅವು ಎಲ್ಲಕ್ಕಿಂತ ಒಳ್ಳೆಯವು. ಮುಂದಿನ ವರ್ಷಗಳಲ್ಲಿ ಸ್ಪೋರ್ಟ್ ಅಂತಲೇ ಬೇರೆ ವೇರಿಯಂಟ್ ಬಂತು. 350 ಹಾರ್ಸ್ ಪವರ್‌ನ ನಿಸ್ಮೋ ಅವನ ಬಜೆಟ್‌ಗೆ ನಿಲುಕುವುದಿಲ್ಲ, ಅದರ ಮಾತು ಬೇಡ.

ಟಾಪ್ ಎಂಡ್ ಅನ್ನುವ ಲೆಕ್ಕ ಎಲ್ಲ ಕಾರಿಗೂ ಒಂದೇ ಥರ ಇರುವುದಿಲ್ಲ. ಮಜ್ದಾ ಎಂಎಕ್ಸ್-5 ನೋಡಿ. 2016ರ ಮಾಡೆಲ್‌ನಲ್ಲಿ ಅಮೆರಿಕದವರಿಗೆ ದುಬಾರಿ ಗ್ರ್ಯಾಂಡ್ ಟೂರಿಂಗ್‌ನಲ್ಲಿ ಲಿಮಿಟೆಡ್ ಸ್ಲಿಪ್ ಇರಲಿಲ್ಲ, ಅದಕ್ಕಿಂತ ಅಗ್ಗದ ಕ್ಲಬ್ ಮ್ಯಾನುಯಲ್‌ನಲ್ಲಿ ಇತ್ತು. ಸುಬಾರು ಬಿಆರ್‌ಝಡ್‌ನಲ್ಲಿ ಇದು ಬೇರೆಯೇ ಥರ. ಅಲ್ಲಿ ಮಾರಿದ ಪ್ರೀಮಿಯಂ, ಲಿಮಿಟೆಡ್ ಎರಡರಲ್ಲೂ ಟಾರ್ಸನ್ ಅನ್ನುವ ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದೇ ಇದೆ. ಆ ಕಾರು ತಗೊಳ್ಳುವುದಾದರೆ ಅಗ್ಗದ್ದನ್ನೇ ಕಣ್ಣು ಮುಚ್ಚಿ ತಗೋ ಅಂದಿರುತ್ತಿದ್ದೆ.

ಪ್ಯಾಕೇಜ್ ನಿಜವಾಗಿ ಇದೆಯಾ ಅಂತ ತಿಳಿಯುವುದು ಹೇಗೆ ಅಂದರೆ, ವೀಲ್ ನೋಡಿ ನಂಬಬಾರದು. ವೀಲ್ ಯಾರು ಬೇಕಾದರೂ ತಂದು ಹಾಕಬಹುದು. ಗೇರ್ ಲಿವರ್ ಪಕ್ಕ ಸಿಂಕ್ರೋರೆವ್ ಮ್ಯಾಚ್‌ನ ಎಸ್ ಮೋಡ್ ಬಟನ್ ಇದೆಯಾ ನೋಡು, ವೀಲಿನ ಸಂದಿಯಲ್ಲಿ ನಾಲ್ಕು ಪಿಸ್ಟನ್‌ನ ದೊಡ್ಡ ಕ್ಯಾಲಿಪರ್ ಕಾಣುತ್ತದಾ ನೋಡು ಅಂತ ಹೇಳಿದ್ದೇನೆ. ಆಮೇಲೆ ಹಿಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿಸಿ, ನ್ಯೂಟ್ರಲ್‌ನಲ್ಲಿಟ್ಟು ಒಂದನ್ನು ಕೈಯಲ್ಲಿ ತಿರುಗಿಸಬೇಕು. ಓಪನ್ ಆದರೆ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ. ವಿಸ್ಕಸ್ ಇನ್ನೂ ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಇನ್ನೊಂದು ಚಕ್ರವೂ ಇದೇ ಕಡೆಗೆ ಎಳೆದುಕೊಂಡು ಬರುತ್ತದೆ. ವಯಸ್ಸಾದಂತೆ ಈ ಬಗೆಯ ಎಲ್‌ಎಸ್‌ಡಿ ಹಿಡಿತ ಬಿಡುವುದೂ ಉಂಟು, ಆದ್ದರಿಂದ ಕಾಗದದಲ್ಲಿ ಇದೆ ಅಂದ ಮಾತ್ರಕ್ಕೆ ಸಾಲದು. ಇನ್ನೊಂದು, ಈ ಗಾಡಿಯಲ್ಲಿ ಕ್ಲಚ್ಚಿನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಗೇರ್ ಬಾಕ್ಸ್ ಒಳಭಾಗಕ್ಕೇ ಇದೆ, ಅದು ಲೀಕ್ ಆಗುವುದು ಹೆಸರಾದ ತೊಂದರೆ. ಬದಲಿಸಲು ಗೇರ್ ಬಾಕ್ಸ್ ಇಳಿಸಲೇಬೇಕು. ಹಿಂದಿನ ಓನರ್ ಅದನ್ನು ಬದಲಿಸಿದ ಬಿಲ್ ಇದ್ದರೆ, ನನ್ನ ಮಟ್ಟಿಗೆ ಅದು ಬೋಸ್ ಸ್ಪೀಕರ್‌ಗಿಂತ ದೊಡ್ಡದು.

ಅಕ್ಕನಿಗೆ ಬೇರೆಯೇ ಆಸೆ, ಮಗ ವಾಪಸ್ ಬರುವಾಗ ಕಾರನ್ನೂ ಮೈಸೂರಿಗೆ ತರಲಿ ಅಂತ. ಅದು ಆಗುವುದಿಲ್ಲ. ಹಳೇ ಕಾರು ತರಿಸಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಅಮೆರಿಕದ್ದು ಎಡಗಡೆ.

ಇಲ್ಲಿನವರಿಗೂ ಇದೇ ಮಾತು ಹೇಳುತ್ತೇನೆ, ಇಲ್ಲಿ ಇನ್ನೂ ಜಾಸ್ತಿ ಮುಖ್ಯ. ನಮ್ಮಲ್ಲಿ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ ಎಲ್ಲ ಕಾರಿನಲ್ಲೂ ಇರಲೇಬೇಕು ಅಂತಾದದ್ದು 2022ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಇವು ಇವೆಯೋ ಇಲ್ಲವೋ ಅನ್ನುವುದು ಬಹಳ ಸಲ ವೇರಿಯಂಟ್ ಮೇಲೆ ಹೋಗುತ್ತದೆ. ಬೇಸ್ ಮಾಡೆಲ್‌ಗೆ ಅಲಾಯ್ ವೀಲ್, ದೊಡ್ಡ ಸ್ಕ್ರೀನ್ ಹಾಕಿ, ಡಿಕ್ಕಿ ಮೇಲೆ ಟಾಪ್ ಎಂಡ್ ಬ್ಯಾಡ್ಜ್ ಅಂಟಿಸಿ ನಿಲ್ಲಿಸಿದ್ದನ್ನು ಮೈಸೂರಿನಲ್ಲೇ ನಾನು ಕಣ್ಣಾರೆ ನೋಡಿದ್ದೇನೆ. ಬ್ಯಾಡ್ಜ್ ಅಂಗಡಿಯಲ್ಲಿ ಸಿಗುತ್ತದೆ. ಆರ್‌ಸಿಯಲ್ಲಿ ಮಾಡೆಲ್ ಹೆಸರಿನ ಮುಂದೆ ಯಾವ ಅಕ್ಷರ ಇದೆ ಅಂತ ಓದಿ. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪ ಹತ್ತಿ ಆರುತ್ತದಾ ನೋಡಿ. ಹತ್ತಲೇ ಇಲ್ಲ ಅಂದರೆ ಒಂದೋ ಅದು ಆ ಗಾಡಿಗೆ ಬಂದೇ ಇಲ್ಲ, ಇಲ್ಲಾ ಯಾರೋ ದೀಪ ಕಿತ್ತಿದ್ದಾರೆ.

ಬೆಂಗಳೂರು ರಸ್ತೆ ಅಗಲವಾದ ಮೇಲೆ ಎಲ್ಲರೂ ನೂರರಲ್ಲಿ ಹೋಗುತ್ತಾರೆ. ಏರ್‌ಬ್ಯಾಗ್ ಇಲ್ಲದ ಹಳೇ ಹ್ಯಾಚ್‌ಬ್ಯಾಕ್‌ಗಳೂ ನೂರರಲ್ಲೇ ಹೋಗುತ್ತವೆ, ಮನೆಮಂದಿ ಮಕ್ಕಳನ್ನೆಲ್ಲ ಕೂರಿಸಿಕೊಂಡು. ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇದಕ್ಕೆ. ಸ್ಕ್ರೀನಿಗೆ ಕೊಟ್ಟ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಎರಡು ಏರ್‌ಬ್ಯಾಗ್ ಇರುವ ವೇರಿಯಂಟ್ ಹುಡುಕಿದ್ದರೆ ಸಿಗುತ್ತಿತ್ತು.

ಅಕ್ಕನ ಮಗ ಈ ಶನಿವಾರ ಬಟ್ಟೆ ಸೀಟಿನ ಗಾಡಿ ನೋಡಲು ಹೋಗುತ್ತಾನೆ. ಡಲ್ಲಾಸ್ ಕಡೆ ಇರುವ ನಮ್ಮ ಮೈಸೂರು, ಮಂಡ್ಯದವರು ಇದನ್ನು ಓದುತ್ತಿದ್ದರೆ, ಜಾಕ್ ಮೇಲೆ ಎತ್ತಿ ತಾಳ್ಮೆಯಿಂದ ನೋಡುವ ನಂಬಿಕಸ್ಥ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ಕಾಮೆಂಟ್‌ನಲ್ಲಿ ತಿಳಿಸಿ. ಸ್ಲೇವ್ ಸಿಲಿಂಡರ್ ಬದಲಿಸಲು ಅಲ್ಲಿ ಎಷ್ಟು ಆಗುತ್ತದೆ ಅಂತಲೂ ಗೊತ್ತಿದ್ದವರು ಹೇಳಿ, ಬೆಲೆ ಮಾತಾಡುವಾಗ ಅವನಿಗೆ ಬೇಕಾಗುತ್ತದೆ.