ಪ್ರತಿ ಪಳೆಯುಳಿಕೆಯೂ ನಮ್ಮ ಮುತ್ತಜ್ಜನೇ ಆಗಬೇಕಾ?

ಎಲ್ಲಾದರೂ ತುಂಬಾ ಹಳೇ ಕಾಲದ ಪ್ರೈಮೇಟ್ (ಕಾಡುಪಾಪ, ಮಂಗ, ಮನುಷ್ಯ ಎಲ್ಲ ಸೇರಿದ ಪ್ರಾಣಿಗಳ ಗುಂಪು) ಪಳೆಯುಳಿಕೆ ಸಿಕ್ಕಿತು ಅಂದರೆ ಸಾಕು, ಪತ್ರಿಕೆಗಳಲ್ಲಿ ತಲೆಬರಹ ಒಂದೇ: 'ಮಾನವ ವಿಕಾಸದ ಕಳಚಿದ ಕೊಂಡಿ ಪತ್ತೆ!' ಸ್ವಲ್ಪ ಸಮಯದ ನಂತರ ಅದು ನಮ್ಮ ನೇರ ಪೂರ್ವಜ ಅಲ್ಲ ಅಂತ ಗೊತ್ತಾಗುತ್ತದೆ. ಆ ಸುದ್ದಿ ಒಳಪುಟದಲ್ಲೂ ಬರುವುದಿಲ್ಲ. ಪ್ರಾಣಿಯನ್ನೂ ಎಲ್ಲರೂ ಮರೆತುಬಿಡುತ್ತಾರೆ. ಈ ವಿಷಯದ ಬಗ್ಗೆ ಆಸಕ್ತಿ ಇಟ್ಟುಕೊಂಡು ಓದುವ ನನಗೆ ಇದು ನಿಜಕ್ಕೂ ಬೇಜಾರು ತರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಒಂದು ಜೀವಕ್ಕೆ ನಾವು ಕೇಳುವುದು ಒಂದೇ ಪ್ರಶ್ನೆ, 'ನೀನು ನಮಗೆ ಏನಾಗಬೇಕು?' ಅಂತ. ಉತ್ತರ 'ದೂರದ ನೆಂಟ' ಅಂತ ಬಂದರೆ ಮುಖ ತಿರುಗಿಸಿಬಿಡುತ್ತೇವೆ.

ಇಡಾಳ ಕತೆಯನ್ನೇ ನೋಡಿ. 2009ರ ಮೇ ತಿಂಗಳು, ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂ ಒಂದರಲ್ಲಿ ಪತ್ರಿಕಾಗೋಷ್ಠಿ. ನಗರದ ಮೇಯರ್ ಕೂಡ ಬಂದಿದ್ದರು. ಅಲ್ಲಿ ಪರದೆ ಸರಿಸಿ ತೋರಿಸಿದ್ದು ಜರ್ಮನಿಯ ಮೆಸೆಲ್ ಗಣಿಯಲ್ಲಿ ಸಿಕ್ಕ 4.7 ಕೋಟಿ ವರ್ಷ ಹಳೆಯ ಒಂದು ಅಸ್ಥಿಪಂಜರ. ವೈಜ್ಞಾನಿಕ ಹೆಸರು ಡಾರ್ವಿನಿಯಸ್ ಮಸಿಲೇ. ಓಸ್ಲೋದ ವಿಜ್ಞಾನಿ ಯೋರ್ನ್ ಹುರುಮ್ ತಮ್ಮ ಮಗಳ ಹೆಸರನ್ನೇ ಅದಕ್ಕೆ ಇಟ್ಟು ಇಡಾ ಅಂತ ಕರೆದರು. ಪುಸ್ತಕ, ಟಿವಿ ಸಾಕ್ಷ್ಯಚಿತ್ರ ಎಲ್ಲವೂ ಮೊದಲೇ ತಯಾರಾಗಿದ್ದವು. ಮಂಗ, ಬಾಲವಿಲ್ಲದ ವಾನರ, ಮನುಷ್ಯರೆಲ್ಲರ ವಂಶದ ಬುಡದಲ್ಲಿ ಇವಳಿದ್ದಾಳೆ ಅನ್ನುವ ಅರ್ಥದಲ್ಲಿ ಪ್ರಚಾರ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಿಕ್ ಸೈಫರ್ಟ್ ಮತ್ತು ಜೊತೆಗಾರರು ಈಜಿಪ್ಟಿನ ಫಯೂಮ್‌ನಲ್ಲಿ ಸಿಕ್ಕ ಆಫ್ರಡಾಪಿಸ್ ಅನ್ನುವ ಪ್ರಾಣಿಯ ಬಗ್ಗೆ ಬರೆದರು. ಬದುಕಿರುವ ಮತ್ತು ಅಳಿದ ನೂರಕ್ಕೂ ಹೆಚ್ಚು ಪ್ರೈಮೇಟ್‌ಗಳ ಜೊತೆ ಹೋಲಿಸಿ ನೋಡಿದಾಗ ಇಡಾ ಸೇರಿದ ಅಡಾಪಿಡ್ ಗುಂಪು ಬಂದು ನಿಂತದ್ದು ಮಡಗಾಸ್ಕರ್‌ನ ಲೀಮರ್ ಮತ್ತು ನಮ್ಮ ಕಾಡುಪಾಪಗಳ ಕಡೆ. ನಮ್ಮ ಕಡೆ ಅಲ್ಲ. ಅಲ್ಲಿಗೆ ಗಲಾಟೆ ಮುಗಿಯಿತು. ಇಡಾ ಅಂದರೆ 'ಸುಮ್ನೆ ಪ್ರಚಾರ' ಅನ್ನುವ ಮಾತು ಉಳಿಯಿತು.

ಆದರೆ ಆ ಅಸ್ಥಿಪಂಜರವನ್ನು ಹತ್ತಿರದಿಂದ ನೋಡಿ. ಸುಮಾರು ಶೇ. 95ರಷ್ಟು ಮೂಳೆ ಉಳಿದಿದೆ. ಈ ಕಾಲದ ಹೆಚ್ಚಿನ ಪ್ರೈಮೇಟ್‌ಗಳು ನಮಗೆ ಗೊತ್ತಿರುವುದೇ ಹಲ್ಲು, ದವಡೆ ಚೂರುಗಳಿಂದ. ಇಲ್ಲಿ ಮೈಮೇಲಿನ ಕೂದಲಿನ ಅಚ್ಚು ಕೂಡ ಕಲ್ಲಿನಲ್ಲಿದೆ. ಹೊಟ್ಟೆಯಲ್ಲಿ ಕೊನೆಯ ಊಟ ಹಾಗೇ ಇದೆ: ಹಣ್ಣು ಮತ್ತು ಎಲೆ. ಎಕ್ಸ್-ರೇ ತೆಗೆದಾಗ ಹಾಲುಹಲ್ಲಿನ ಕೆಳಗೆ ಕಾದು ಕೂತಿದ್ದ ಹೊಸ ಹಲ್ಲುಗಳು ಕಂಡವು. ಇನ್ನೂ ಒಂದು ವರ್ಷ ತುಂಬಿರದ ಹೆಣ್ಣು ಮರಿ ಅಂತ ಲೆಕ್ಕ ಹಾಕಿದರು. ಒಂದು ಕೈಯ ಮಣಿಕಟ್ಟು ಮುರಿದು, ಮತ್ತೆ ಕೂಡಿಕೊಳ್ಳುತ್ತಿದ್ದ ಗುರುತು ಇದೆ. ಮುರಿದ ಕೈಯಲ್ಲಿ ಕೊಂಬೆಗಳನ್ನು ಹಿಡಿಯುವುದು ಕಷ್ಟವಾಗಿ ನೆಲಕ್ಕೆ ಇಳಿದು ಕೆರೆಯ ನೀರು ಕುಡಿಯಲು ಹೋಗಿರಬಹುದು, ಅಲ್ಲೇ ಸತ್ತಿರಬಹುದು ಅನ್ನುವುದು ಅಧ್ಯಯನ ಮಾಡಿದವರ ಊಹೆ. 4.7 ಕೋಟಿ ವರ್ಷದ ಹಿಂದಿನ ಒಂದು ಮರಿಯ ಬಗ್ಗೆ ಇಷ್ಟೆಲ್ಲ ಗೊತ್ತಾಗಿದೆ. ಅದು ನಮ್ಮ ಅಜ್ಜಿ ಅಲ್ಲ ಅಂದ ಮಾತ್ರಕ್ಕೆ ಇದರಲ್ಲಿ ಒಂದು ಎಳೆಯಾದರೂ ಕಮ್ಮಿಯಾಯಿತಾ?

ನನ್ನ ಅಭಿಪ್ರಾಯ ಇಷ್ಟೇ. ಅಳಿದುಹೋದ ಈ ಪ್ರೈಮೇಟ್‌ಗಳನ್ನು ಮನುಷ್ಯನ ಕಡೆಗೆ ಹತ್ತುವ ಮೆಟ್ಟಿಲು ಅಂತ ನೋಡುವುದನ್ನು ಬಿಡಬೇಕು. 'ಮಂಗನಿಂದ ಮಾನವ' ಅಂತ ಸಾಲಾಗಿ ನಿಲ್ಲಿಸಿದ ಆ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಯಾವ ಹೊಸ ಪ್ರಾಣಿ ಸಿಕ್ಕರೂ ಅದನ್ನು ಆ ಸಾಲಿನಲ್ಲಿ ಎಲ್ಲಿ ತುರುಕುವುದು ಅಂತಲೇ ಯೋಚಿಸುತ್ತೇವೆ. ವಂಶ ಬೆಳೆಯುವುದು ಕವಲು ಕವಲಾಗಿ. ಹೆಚ್ಚಿನ ಕವಲುಗಳು ಎಲ್ಲೋ ಒಂದು ಕಡೆ ನಿಂತುಹೋಗುತ್ತವೆ. ಸತ್ತ ಪ್ರಾಣಿಗಳಲ್ಲಿ ಪಳೆಯುಳಿಕೆ ಆಗುವುದೇ ಅಪರೂಪ, ಅದರಲ್ಲಿ ನಮ್ಮ ಕೈಗೆ ಸಿಗುವುದು ಇನ್ನೂ ಅಪರೂಪ. ಹಾಗೆ ಸಿಕ್ಕಿದ್ದು ಸರಿಯಾಗಿ ನಮ್ಮ ನೇರ ಪೂರ್ವಜನೇ ಆಗಿರುತ್ತದೆ ಅನ್ನುವುದಕ್ಕೆ ಕಾರಣವೇ ಇಲ್ಲ. ಸಿಗುವವರೆಲ್ಲ ಬಹುಪಾಲು ಅಕ್ಕಪಕ್ಕದ ಕವಲಿನವರು. ನಮಗೆ ಪಾಠ ಹೇಳಿಕೊಟ್ಟವರೂ ಅವರೇ.

ನಮ್ಮ ಕೈಕಾಲು, ಕಣ್ಣು ಹೀಗೆ ಆದದ್ದು ಹೇಗೆ ಅನ್ನುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹಿಡಿತ ಇರುವ ಬೆರಳು, ಪಂಜದ ಬದಲು ಚಪ್ಪಟೆ ಉಗುರು, ಮುಂದಕ್ಕೆ ತಿರುಗಿದ ಎರಡು ಕಣ್ಣು, ಇವು ಪ್ರೈಮೇಟ್‌ಗಳ ಗುರುತು. ಇವೆಲ್ಲ ಯಾಕೆ ಬಂದವು? ಮರದ ಮೇಲಿನ ಬದುಕೇ ಕಾರಣ ಅಂತ ಮೊದಲು ಹೇಳುತ್ತಿದ್ದರು. ಅಳಿಲು ಮರದ ಮೇಲೇ ಇರುತ್ತದೆ, ಅದರ ಕಣ್ಣು ಪಕ್ಕಕ್ಕೇ ಇವೆಯಲ್ಲ ಅಂತ ಅಮೆರಿಕದ ವಿಜ್ಞಾನಿ ಮ್ಯಾಟ್ ಕಾರ್ಟ್‌ಮಿಲ್ 1970ರ ದಶಕದಲ್ಲಿ ಕೇಳಿದರು. ಸಣ್ಣ ಕೊಂಬೆಗಳ ನಡುವೆ ಹುಳುಹುಪ್ಪಟೆಯನ್ನು ಕಣ್ಣಿಟ್ಟು ಹಿಡಿಯುವುದಕ್ಕೆ ಇವೆಲ್ಲ ಒಟ್ಟಿಗೆ ಬಂದವು ಅನ್ನುವುದು ಅವರ ವಾದ. ರಾಬರ್ಟ್ ಸಸ್‌ಮನ್ ಇದನ್ನು ಒಪ್ಪಲಿಲ್ಲ. ಆ ಕಾಲಕ್ಕೆ ಹೂಬಿಡುವ ಗಿಡಮರಗಳು ಹರಡುತ್ತಿದ್ದವು, ಕೊಂಬೆಯ ತುದಿಯ ಹಣ್ಣು ಹೂವನ್ನು ತಲುಪಲು ಹಿಡಿತ ಬೇಕಾಯಿತು ಅಂದರು.

2002ರಲ್ಲಿ ಜೊನಾಥನ್ ಬ್ಲಾಕ್ ಮತ್ತು ಡಗ್ ಬಾಯರ್ ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕ ಕಾರ್ಪೊಲೆಸ್ಟಿಸ್ ಅನ್ನುವ ಪುಟ್ಟ ಪ್ರಾಣಿಯ ಅಸ್ಥಿಪಂಜರವನ್ನು ವಿವರಿಸಿದರು. ವಯಸ್ಸು ಸುಮಾರು 5.6 ಕೋಟಿ ವರ್ಷ. ಅದರ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದಿದೆ, ಕೊಂಬೆಯನ್ನು ಹಿಡಿಯುವಂತಿದೆ. ಆ ಒಂದು ಬೆರಳಿಗೆ ಮಾತ್ರ ಚಪ್ಪಟೆ ಉಗುರು. ಉಳಿದ ಬೆರಳುಗಳಿಗೆಲ್ಲ ಪಂಜದ ಉಗುರೇ. ಕಣ್ಣುಗಳು ಇನ್ನೂ ಪಕ್ಕಕ್ಕೇ ಇವೆ, ಜಿಗಿಯುವ ಕಾಲುಗಳೂ ಇಲ್ಲ. ಅಂದರೆ ಹಿಡಿತ ಮೊದಲು, ಕಣ್ಣು ಆಮೇಲೆ. ಎಲ್ಲ ಒಟ್ಟಿಗೆ ಬಂದವು ಅನ್ನುವ ಮಾತಿಗೆ ಒಂದು ಕಾಲ್ಬೆರಳು ಪೆಟ್ಟು ಕೊಟ್ಟಿತು! ಹಾಗಂತ ಕಾರ್ಪೊಲೆಸ್ಟಿಸ್ ನಮ್ಮ ಪೂರ್ವಜನೇನೂ ಅಲ್ಲ. ಅದರ ಕೆಳದವಡೆಯಲ್ಲಿ ಗರಗಸದ ಅಲಗಿನಂತಹ ವಿಚಿತ್ರ ಹಲ್ಲಿತ್ತು, ಅದು ಬೇರೆಯೇ ದಾರಿ ಹಿಡಿದಿದ್ದ ಗುಂಪು. ಅದು ಮತ್ತು ಅದರ ಬಳಗದವರನ್ನು ಪ್ರೈಮೇಟ್ ಅಂತ ಕರೆಯಬೇಕೋ ಬೇಡವೋ ಅನ್ನುವ ಜಗಳವೇ ಇನ್ನೂ ಮುಗಿದಿಲ್ಲ. ಕರೆಯದಿದ್ದರೂ ಆ ಹೆಬ್ಬೆರಳು ಹೇಳಿದ ಮಾತು ಸುಳ್ಳಾಗುವುದಿಲ್ಲ, ಅಲ್ವಾ?

ಇದೇ ಬಳಗದಲ್ಲಿ ತೀರಾ ಹಳೆಯದು ಪರ್ಗಟೋರಿಯಸ್. ಮೊಂಟಾನಾದ ಪರ್ಗಟರಿ ಗುಡ್ಡದಲ್ಲಿ ಸಿಕ್ಕ ಹಲ್ಲುಗಳಿಂದ 1965ರಲ್ಲಿ ಹೆಸರು ಪಡೆಯಿತು. ಡೈನೋಸಾರ್‌ಗಳು ಅಳಿದು ಒಂದೂವರೆ ಲಕ್ಷ ವರ್ಷವೂ ಕಳೆದಿರಲಿಲ್ಲ, ಅಷ್ಟರಲ್ಲೇ ಇದು ಇತ್ತು ಅಂತ 2021ರ ಅಧ್ಯಯನ ಹೇಳಿತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆರ್ಕಿಸೀಬಸ್. ಚೀನಾದ ಹುಬೈ ಪ್ರಾಂತ್ಯದಲ್ಲಿ ಹಳೇ ಕೆರೆಯ ಕೆಸರು ಕಲ್ಲಾಗಿದ್ದ ಪದರಗಳಲ್ಲಿ ಸಿಕ್ಕಿತು. ವಯಸ್ಸು ಸುಮಾರು 5.5 ಕೋಟಿ ವರ್ಷ. ತೂಕ 20ರಿಂದ 30 ಗ್ರಾಂ ಇದ್ದಿರಬೇಕು. ಮೈ ಉದ್ದ 7 ಸೆಂಟಿಮೀಟರ್, ಬಾಲ ಅದರ ಹೆಚ್ಚುಕಮ್ಮಿ ಎರಡರಷ್ಟು. ಮೂಳೆಗಳು ಎಷ್ಟು ನಾಜೂಕು ಅಂದರೆ ಕಲ್ಲಿನಿಂದ ಬಿಡಿಸುವ ಧೈರ್ಯ ಯಾರೂ ಮಾಡಲಿಲ್ಲ. ಫ್ರಾನ್ಸಿನ ಗ್ರೆನೋಬಲ್‌ಗೆ ಒಯ್ದು ಸಿಂಕ್ರೊಟ್ರಾನ್ ಎಕ್ಸ್-ರೇಯಿಂದ ಕಲ್ಲಿನೊಳಗೇ ಸ್ಕ್ಯಾನ್ ಮಾಡಿದರು. ನಿ ಶಿಜುನ್ ಮತ್ತು ತಂಡ ವರ್ಷಗಟ್ಟಲೆ ಕೂತು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿತು. ಒಟ್ಟಾರೆ ನೋಡಿದರೆ ಇದು ಟಾರ್ಸಿಯರ್‌ಗಳ (ಆಗ್ನೇಯ ಏಷ್ಯಾದ ದೊಡ್ಡ ಕಣ್ಣಿನ ಪುಟ್ಟ ಪ್ರೈಮೇಟ್‌ಗಳು) ಕಡೆಯ ಪ್ರಾಣಿ. ಆದರೆ ಹಿಮ್ಮಡಿಯ ಮೂಳೆ ಮಂಗಗಳದ್ದರ ಹಾಗಿದೆ. ಅದಕ್ಕೇ ಹಿಮ್ಮಡಿಯ ಕತೆಗೆ ಹೆಸರಾದ ಗ್ರೀಕ್ ವೀರ ಅಕಿಲೀಸ್‌ನ ಹೆಸರನ್ನೇ ಜಾತಿಗೆ ಇಟ್ಟರು. ಎರಡು ವಂಶಗಳು ಆಗಷ್ಟೇ ಬೇರೆಯಾದ ಹೊತ್ತಿನಲ್ಲಿ ಎರಡರ ಗುಣವೂ ಒಂದೇ ಮೈಯಲ್ಲಿ ಕಂಡರೆ ಆಶ್ಚರ್ಯವಿಲ್ಲ.

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯೂ ಇದನ್ನೇ ಹೇಳುತ್ತದೆ. ಅಲ್ಲಿಯ ಪ್ರೈಮೇಟ್‌ಗಳಿಗೆ ಸುಮಾರು 5.45 ಕೋಟಿ ವರ್ಷ. ಆಗ ಭಾರತ ಏಷ್ಯಾದ ಕಡೆಗೆ ತೇಲುತ್ತಿದ್ದ ದ್ವೀಪ. 2016ರಲ್ಲಿ ಅಲ್ಲಿಯ 25 ಕೈಕಾಲು ಮೂಳೆಗಳ ವಿವರ ಪ್ರಕಟವಾಯಿತು. ಲೀಮರ್ ಕಡೆಯವು ಯಾವುದು, ಟಾರ್ಸಿಯರ್ ಕಡೆಯವು ಯಾವುದು ಅಂತ ಹಲ್ಲು ನೋಡಿ ಹೇಳಬಹುದು. ಆದರೆ ಕೈಕಾಲು ಮೂಳೆಗಳಲ್ಲಿ ಆ ವ್ಯತ್ಯಾಸ ತೀರಾ ಕಮ್ಮಿ. ಕವಲಿನ ಬುಡದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಅಲ್ಲಿ ನಿಂತು 'ಇವನೇ ನಮ್ಮ ಅಜ್ಜ' ಅಂತ ಬೆರಳು ತೋರಿಸುವ ಅವಸರ ಯಾಕೆ?

ಆ ಅವಸರ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ರಾಮಪಿಥೆಕಸ್ ಸಾಕ್ಷಿ. ಇದು ಬಹಳ ಆಮೇಲಿನ ಕಾಲದ ಬಾಲವಿಲ್ಲದ ವಾನರ, ಆದರೂ ಹೇಳಲೇಬೇಕು. 1932ರಲ್ಲಿ ಹಿಮಾಚಲದ ಹರಿತಲ್ಯಾಂಗರ್‌ನಲ್ಲಿ ಸಿಕ್ಕ ಮೇಲ್ದವಡೆಯ ಚೂರಿಗೆ ಎಡ್ವರ್ಡ್ ಲೂಯಿಸ್ 1934ರಲ್ಲಿ ಆ ಹೆಸರು ಇಟ್ಟರು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್‌ಬೀಮ್ ಇದು ಮನುಷ್ಯ ವಂಶದ ಮೊದಲ ಪ್ರಾಣಿ ಅಂದರು. ದವಡೆಯ ನಡುಭಾಗವೇ ಇರಲಿಲ್ಲ. ಇಲ್ಲದ ಭಾಗವನ್ನು ಊಹಿಸಿ ಜೋಡಿಸುವಾಗ ನಮ್ಮ ದವಡೆಯ ಹಾಗೆ ಬಿಲ್ಲಿನಾಕಾರಕ್ಕೆ ಬಾಗಿಸಿದರು. 1967ರಲ್ಲಿ ಸಾರಿಚ್ ಮತ್ತು ವಿಲ್ಸನ್ ರಕ್ತದ ಪ್ರೋಟೀನ್ ಹೋಲಿಸಿ, ಮನುಷ್ಯ ಮತ್ತು ಆಫ್ರಿಕಾದ ವಾನರಗಳು ಬೇರೆಯಾಗಿದ್ದು ಸುಮಾರು 50 ಲಕ್ಷ ವರ್ಷದ ಹಿಂದೆ ಮಾತ್ರ ಅಂದಾಗ ಪಳೆಯುಳಿಕೆ ತಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಕೊನೆಗೆ ಪಾಕಿಸ್ತಾನದ ಪೊಟ್ವಾರ್‌ನಲ್ಲಿ ಅದೇ ಗುಂಪಿನ ಸಿವಪಿಥೆಕಸ್‌ನ ಮುಖವೇ ಸಿಕ್ಕಿತು. ಕಣ್ಣಿನ ಗುಳಿಗಳು ಉದ್ದುದ್ದ, ಅವುಗಳ ನಡುವೆ ತೀರಾ ಕಡಿಮೆ ಜಾಗ, ಒಳಕ್ಕೆ ಬಾಗಿದ ಮುಖ. ಒರಾಂಗುಟಾನ್ ಮುಖ! 1982ರಲ್ಲಿ ಅದನ್ನು ವಿವರಿಸಿದವರು ಅದೇ ಪಿಲ್‌ಬೀಮ್. ತಮ್ಮ ಹಳೆಯ ನಿಲುವನ್ನು ಅವರು ಬಹಿರಂಗವಾಗಿ ಕೈಬಿಟ್ಟರು. ಆ ಗುಣಕ್ಕೆ ನನ್ನ ಗೌರವ ಯಾವತ್ತೂ ಇದೆ. ಆದರೆ ಮನುಷ್ಯನ ಪೂರ್ವಜ ಬೇಕು ಅನ್ನುವ ಆಸೆ ಇರದಿದ್ದರೆ ಆ ದವಡೆ ಬಿಲ್ಲಿನಾಕಾರಕ್ಕೆ ಬಾಗುತ್ತಲೇ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

'ಅಳಿದುಹೋದವು ಅಂದರೆ ಸೋತವು' ಅನ್ನುವ ಮಾತೂ ಆಗಾಗ ಕೇಳುತ್ತೇನೆ. ನನಗೆ ಕೋಪ ಬರುತ್ತದೆ. ಸುಮಾರು 5.6 ಕೋಟಿ ವರ್ಷದ ಹಿಂದೆ ಭೂಮಿ ಇದ್ದಕ್ಕಿದ್ದ ಹಾಗೆ 5 ಡಿಗ್ರಿಗೂ ಜಾಸ್ತಿ ಬಿಸಿಯಾಯಿತು. ಉತ್ತರದ ತನಕ ಕಾಡು ಹಬ್ಬಿತು. ಅದರ ಜೊತೆಗೇ ಟೀಲ್‌ಹಾರ್ಡಿನಾದಂಥ ಪುಟ್ಟ ಪ್ರೈಮೇಟ್‌ಗಳು ಏಷ್ಯಾ, ಯುರೋಪ್, ಉತ್ತರ ಅಮೆರಿಕ ಮೂರರಲ್ಲೂ ಕಾಣಿಸಿಕೊಂಡವು. ಅಲ್ಲಿಂದ ಎರಡು ಕೋಟಿ ವರ್ಷ ಉತ್ತರದ ಕಾಡುಗಳಲ್ಲಿ ಅಡಾಪಿಡ್‌ಗಳೂ ಟಾರ್ಸಿಯರ್ ಕಡೆಯ ಓಮೊಮೈಯಿಡ್‌ಗಳೂ ಬಾಳಿದವು. ನಮ್ಮ ಸ್ವಂತ ಜಾತಿಗೆ ಈಗ ಆಗಿರುವುದು ಸುಮಾರು 3 ಲಕ್ಷ ವರ್ಷ. 3.4 ಕೋಟಿ ವರ್ಷದ ಹಿಂದೆ ಭೂಮಿ ತಣ್ಣಗಾಯಿತು, ಅಂಟಾರ್ಕ್ಟಿಕಾದಲ್ಲಿ ದೊಡ್ಡ ಹಿಮಹಾಸು ಬೆಳೆಯಿತು, ಉತ್ತರದ ಬಿಸಿಕಾಡುಗಳು ಕರಗಿದವು. ಯುರೋಪಿನಲ್ಲೂ ಉತ್ತರ ಅಮೆರಿಕದಲ್ಲೂ ಪ್ರೈಮೇಟ್‌ಗಳು ಹೆಚ್ಚುಕಮ್ಮಿ ಇಲ್ಲವಾದವು. ಮರವೇ ಹೋದಮೇಲೆ ಮರದ ಮೇಲೆ ಬದುಕುವ ಜೀವ ಏನು ಮಾಡೀತು? ಅದರಲ್ಲಿ ಅವುಗಳ ಕೊರತೆ ಏನೂ ಇರಲಿಲ್ಲ. ಬಿಸಿಕಾಡು ಉಳಿದ ಕಡೆ ಉಳಿದವು. ಅಡಾಪಿಡ್‌ಗಳ ಒಂದು ಕವಲಾದ ಸಿವಲಡಾಪಿಸ್ ಶಿವಾಲಿಕ್ ಬೆಟ್ಟಸಾಲಿನಲ್ಲಿ ಒಂದು ಕೋಟಿ ವರ್ಷದ ಆಸುಪಾಸಿನವರೆಗೂ ಇತ್ತು.

ಈಗ ಬದುಕಿರುವ ಪ್ರೈಮೇಟ್ ಜಾತಿಗಳಲ್ಲಿ ಸುಮಾರು ಶೇ. 60 ಅಪಾಯದಲ್ಲಿವೆ ಅಂತ 2017ರಲ್ಲಿ ದೊಡ್ಡದೊಂದು ತಂಡ ಲೆಕ್ಕ ಕೊಟ್ಟಿತು. ಈ ಸಲವೂ ಮುಖ್ಯ ಕಾರಣ ಕಾಡು ಹೋಗುತ್ತಿರುವುದೇ, ಹೋಗುವ ವೇಗ ಮಾತ್ರ ಬೇರೆ.

ನಮಗೂ ಅವಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಂಬಂಧ ಮೈಯೊಳಗೇ ಇದೆ. ಲೀಮರ್, ಕಾಡುಪಾಪಗಳು ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಟಾರ್ಸಿಯರ್, ಮಂಗ, ವಾನರ ಮತ್ತು ನಮಗೆ ಅದು ಆಗುವುದಿಲ್ಲ. ಅದಕ್ಕೆ ಬೇಕಾದ ಜೀನ್ ನಮ್ಮಲ್ಲಿ ಕೆಟ್ಟು ಬಿದ್ದಿದೆ. ಹಣ್ಣು ತಿನ್ನದಿದ್ದರೆ ನಮ್ಮ ಒಸಡಿನಲ್ಲಿ ರಕ್ತ ಬರುವುದಕ್ಕೆ ಕಾರಣ ಆರು ಕೋಟಿ ವರ್ಷದ ಆಸುಪಾಸಿನಲ್ಲಿದ್ದ ಯಾವುದೋ ಹೆಸರಿಲ್ಲದ ಪುಟ್ಟ ಪ್ರಾಣಿ. ಬೆಳಕು ಬಿದ್ದಾಗ ಕಾಡುಪಾಪದ ಕಣ್ಣು ಹೊಳೆಯುತ್ತದೆ, ನಮ್ಮದು ಹೊಳೆಯುವುದಿಲ್ಲ. ಕಣ್ಣಿನ ಹಿಂದಿನ ಆ ಕನ್ನಡಿ ಪದರವೂ ನಮ್ಮ ಕವಲಿನಲ್ಲಿ ಹೋಗಿಬಿಟ್ಟಿದೆ. ಟಾರ್ಸಿಯರ್ ಮತ್ತೆ ರಾತ್ರಿ ಬದುಕಿಗೆ ಹೋಯಿತು. ಕಳೆದುಕೊಂಡ ಪದರ ವಾಪಸ್ ಬರಲಿಲ್ಲ. ಅದಕ್ಕೆ ಕಣ್ಣೇ ದೊಡ್ಡದಾಯಿತು, ಒಂದೊಂದು ಗುಡ್ಡೆಯೂ ಅದರ ಮೆದುಳಿನಷ್ಟಾಯಿತು.

ಕೊನೆಯದಾಗಿ ಉಕಯಾಲಿಪಿಥೆಕಸ್ ಬಗ್ಗೆ ಹೇಳದೆ ಇರಲಾರೆ. 2020ರಲ್ಲಿ ಸೈಫರ್ಟ್ ತಂಡವೇ ಪ್ರಕಟಿಸಿದ್ದು. ಪೆರುವಿನ ಅಮೆಜಾನ್ ಕಡೆ ಸಾಂತಾ ರೋಸಾ ಅನ್ನುವಲ್ಲಿ ಸಿಕ್ಕ ನಾಲ್ಕೇ ನಾಲ್ಕು ಪುಟ್ಟ ಹಲ್ಲು, ಸುಮಾರು 3 ಕೋಟಿ ವರ್ಷ ಹಳೆಯವು. ಅವು ಹೋಲುವುದು ಪ್ಯಾರಾಪಿಥೆಸಿಡ್ ಅನ್ನುವ ಮಂಗಗಳನ್ನು. ಆ ಗುಂಪು ಅಲ್ಲಿಯವರೆಗೆ ಗೊತ್ತಿದ್ದದ್ದು ಆಫ್ರಿಕಾದಲ್ಲಿ ಮಾತ್ರ, ಹೆಚ್ಚಾಗಿ ಫಯೂಮ್‌ನಲ್ಲಿ. ನಡುವೆ ಅಟ್ಲಾಂಟಿಕ್ ಸಾಗರ. ಆಗ ಅದು ಇವತ್ತಿಗಿಂತ ಕಿರಿದು, ಆದರೂ 1500 ಕಿಲೋಮೀಟರಿಗೆ ಕಮ್ಮಿ ಇರಲಿಲ್ಲ. ಪ್ರವಾಹಕ್ಕೆ ಕಿತ್ತುಬಂದ ಗಿಡಮರಗಳ ರಾಶಿಯ ಮೇಲೆ ತೇಲಿಕೊಂಡು ಕೆಲವು ಮಂಗಗಳು ಆಚೆ ದಡ ಸೇರಿರಬೇಕು. ಬೇರೆ ದಾರಿ ತೋರುವುದಿಲ್ಲ. ಈಗ ದಕ್ಷಿಣ ಅಮೆರಿಕದಲ್ಲಿರುವ ಮಂಗಗಳು ಇವುಗಳ ಸಂತತಿ ಅಲ್ಲ. ಅವುಗಳ ಪೂರ್ವಜರು ಬೇರೆ ಗುಂಪು, ಬೇರೆಯಾಗಿಯೇ ದಾಟಿ ಬಂದವರು. ಮಂಗಗಳು ಒಮ್ಮೆ ಆ ಸಾಗರ ದಾಟಿದವು ಅನ್ನುವುದನ್ನೇ ನಂಬಲು ಕಷ್ಟಪಡುತ್ತಿದ್ದ ಕಡೆ, ಎರಡು ಸಲ ದಾಟಿದವು ಅಂತ ತೋರಿಸಿದ್ದು ಇಂದು ಒಂದೂ ವಾರಸುದಾರ ಉಳಿಯದ ಈ ಪ್ರಾಣಿಯ ನಾಲ್ಕು ಹಲ್ಲು.